ಗ್ಯಾಸ್ ಗೀಸರಿಗೂ ಉಸಿರು ಬೇಕು

ಮಲೆನಾಡಿನ ಮಳೆಗಾಲದಲ್ಲಿ ಬಿಸಿನೀರು ಸುಖದ ವಸ್ತುವಲ್ಲ, ಅಗತ್ಯದ ವಸ್ತು. ಒಂದು ತಲೆಮಾರಿನ ಹಿಂದೆ ಶಿವಮೊಗ್ಗದ ಮನೆಗಳಲ್ಲಿ ಈ ಅಗತ್ಯವನ್ನು ಪೂರೈಸುತ್ತಿದ್ದುದು ಬಚ್ಚಲ ಮೂಲೆಯ ತಾಮ್ರದ ಹಂಡೆ. ಅದರ ಕೆಳಗೆ ಒಲೆ. ಒಲೆಗೆ ಸೌದೆ, ತೆಂಗಿನ ಮಟ್ಟೆ, ಒಣಗಿದ ಅಡಿಕೆ ಸಿಪ್ಪೆ. ಇಂದು ನಮ್ಮ ರಾಗಿಗುಡ್ಡದ ಬೀದಿಗಳಲ್ಲಿ ಬೆಳಿಗ್ಗೆ ನಡೆದು ಹೋದರೆ ಸ್ನಾನದೊಲೆಯ ಹೊಗೆ ಕಾಣುವುದು ಅಪರೂಪ. ಎಷ್ಟೋ ಮನೆಗಳಲ್ಲಿ ಹಂಡೆಯ ಜಾಗವನ್ನು ಗೋಡೆಗೆ ತೂಗುಹಾಕಿದ ಒಂದು ಪುಟ್ಟ ಪೆಟ್ಟಿಗೆ ಹಿಡಿದಿದೆ. ನಲ್ಲಿ ತಿರುಗಿಸಿದರೆ ಟಿಕ್ ಟಿಕ್ ಎಂದು ಕಿಡಿ ಹಾರುತ್ತದೆ, ಭುಗ್ಗೆಂದು ಉರಿ ಹೊತ್ತುತ್ತದೆ, ಅರ್ಧ ನಿಮಿಷದೊಳಗೆ ಬಿಸಿನೀರು ಬರುತ್ತದೆ. ಅದೇ ಗ್ಯಾಸ್ ಗೀಸರ್.

ಅದರ ನುಣುಪಾದ ಹೊರಕವಚವನ್ನು ನೋಡಿ ನಾವು ಅದನ್ನು ಫ್ಯಾನು, ಮಿಕ್ಸಿಗಳ ಸಾಲಿಗೆ ಸೇರಿಸಿಬಿಟ್ಟಿದ್ದೇವೆ. ನಿಜದಲ್ಲಿ ಅದು ಒಂದು ಒಲೆ. ಅಡುಗೆಮನೆಯ ಗ್ಯಾಸ್ ಒಲೆಗಿಂತ ಹಲವು ಪಟ್ಟು ಜೋರಾಗಿ ಉರಿಯುವ ಒಲೆ. ಹಂಡೆಯ ಒಲೆ ಕಟ್ಟಿದ ಹಿರಿಯರು ಹೊಗೆ ಹೋಗಲು ದಾರಿ ಬಿಟ್ಟಿದ್ದರು. ಅದು ಸಾಲದಿದ್ದರೆ ಹೆಂಚುಗಳ ನಡುವಿನ ಸಂದು ಇದ್ದೇ ಇತ್ತು. ಹೊಗೆ ಹೆಚ್ಚಾದರೆ ಕಣ್ಣು ಉರಿದು, ಕೆಮ್ಮು ಬಂದು ಮನುಷ್ಯ ತಾನಾಗಿಯೇ ಹೊರಗೆ ಓಡುತ್ತಿದ್ದ. ಈಗ ಹೆಂಚು ಹೋಗಿ ಕಾಂಕ್ರೀಟ್ ಸೂರು ಬಂದಿದೆ. ಬಾಗಿಲು ಬಿಗಿಯಾಗಿದೆ. ಇರಚಲು ಹೊಡೆಯುತ್ತದೆಂದು, ಚಳಿ ಬರುತ್ತದೆಂದು ಗವಾಕ್ಷಿಗೆ ರಟ್ಟು ಇಟ್ಟು ಮುಚ್ಚುತ್ತೇವೆ. ಕೆಮ್ಮಿಸುವ ಹೊಗೆಯೂ ಇಲ್ಲ. ಅಪಾಯ ಇರುವುದು ಇಲ್ಲಿಯೇ.

ಸೋರಿಕೆಯಲ್ಲ, ಗಾಳಿಯ ಕೊರತೆ

2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಜಾಲದಲ್ಲಿ ಒಂದು ಯುವ ಜೋಡಿ ಸ್ನಾನದ ಮನೆಯಲ್ಲಿ ಸತ್ತ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಅಕ್ಕ ತಂಗಿ ಇಬ್ಬರೂ ಹಾಗೆಯೇ ತೀರಿಕೊಂಡರು. ಎರಡೂ ಕಡೆ ಗ್ಯಾಸ್ ಗೀಸರಿನ ಹೆಸರು ಕೇಳಿಬಂತು. ಇಂಥ ಸುದ್ದಿಗಳಿಗೆ ಸಾಮಾನ್ಯವಾಗಿ ಕೊಡುವ ತಲೆಬರಹ ‘ಗೀಸರ್ ಅನಿಲ ಸೋರಿಕೆ’ ಎಂದು.

ತರಗತಿಯಲ್ಲಿ ಈ ವಿಷಯ ಬಂದಾಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: ‘ಸರ್, ಗ್ಯಾಸ್ ಸೋರಿದರೆ ವಾಸನೆ ಬರುತ್ತಲ್ಲ, ಅವರಿಗೆ ಗೊತ್ತಾಗಲಿಲ್ವಾ?’ ಬಹಳ ಒಳ್ಳೆಯ ಪ್ರಶ್ನೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆಂದೇ ಹೇಳಬಹುದು. ಸೋರಿದರೆ ತಿಳಿಯಲಿ ಎಂದು ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ಕಟುವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಆದರೆ ಗೀಸರ್ ಉರಿಯುವಾಗ ಅನಿಲದ ಜೊತೆ ಆ ವಾಸನೆಯೂ ಉರಿದುಹೋಗುತ್ತದೆ. ಉರಿಗೆ ಗಾಳಿ ಸಾಲದೆ ಹೋದಾಗ ಅಲ್ಲಿ ಹುಟ್ಟುವುದು ಬೇರೊಂದು ಅನಿಲ: ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಆದ್ದರಿಂದ ‘ನಮ್ಮನೆಯಲ್ಲಿ ವಾಸನೆ ಬರುತ್ತಿಲ್ಲ, ಭಯವಿಲ್ಲ’ ಎಂದುಕೊಳ್ಳುವ ತಂದೆತಾಯಂದಿರು ತಪ್ಪು ಪರೀಕ್ಷೆ ಮಾಡುತ್ತಿದ್ದಾರೆ. ಒಂದು ಹನಿಯೂ ಸೋರದ, ಹೊಚ್ಚ ಹೊಸ ಗೀಸರ್ ಕೂಡ ಮುಚ್ಚಿದ ಕೋಣೆಯಲ್ಲಿ ಪ್ರಾಣ ತೆಗೆಯಬಲ್ಲದು.

ಇದು ಹೊಸ ಸಂಗತಿಯೂ ಅಲ್ಲ. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾನ್ ಎಂಬಾತ ಅನಿಲದ ಉರಿಯಿಂದ ಸ್ನಾನದ ನೀರು ಕಾಯಿಸುವ ಯಂತ್ರ ಮಾಡಿ, ಐಸ್‌ಲ್ಯಾಂಡಿನ ಬಿಸಿನೀರ ಬುಗ್ಗೆಯ ಹೆಸರನ್ನೇ ಅದಕ್ಕೆ ಇಟ್ಟ. ‘ಗೀಸರ್’ ಎಂಬ ಮಾತು ಬಂದದ್ದು ಹಾಗೆ. ಆತನ ಯಂತ್ರಕ್ಕೆ ಹೊಗೆ ಕೊಳವೆಯೇ ಇರಲಿಲ್ಲ. ಆ ಕೊರತೆಯನ್ನು ನಾವು ಇಂದಿಗೂ ನಮ್ಮ ಬಚ್ಚಲುಗಳಲ್ಲಿ ಮುಂದುವರಿಸುತ್ತಿದ್ದೇವೆ.

ಭದ್ರಾವತಿಯ ಕುಲುಮೆಯಲ್ಲಿ ದುಡಿದ ಅನಿಲ

ಕಾರ್ಬನ್ ಮಾನಾಕ್ಸೈಡಿನ ಗುಣ ತಿಳಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡಿನ ಮರದಿಂದ. ಊದುಕುಲುಮೆಯಲ್ಲಿ ಇದ್ದಿಲು ಉರಿದು ಕಾರ್ಬನ್ ಮಾನಾಕ್ಸೈಡ್ ಉಂಟಾಗುತ್ತದೆ. ಅದಿರು ಎಂದರೆ ಕಬ್ಬಿಣ ಮತ್ತು ಆಮ್ಲಜನಕದ ಸಂಯುಕ್ತ. ಈ ಅನಿಲ ಅದಿರಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಂಡು ತಾನು ಕಾರ್ಬನ್ ಡೈ ಆಕ್ಸೈಡ್ ಆಗುತ್ತದೆ, ಕಬ್ಬಿಣ ಉಳಿಯುತ್ತದೆ. ಕುಲುಮೆಯಲ್ಲಿ ಅದು ಉಪಕಾರಿ.

ನಮ್ಮ ರಕ್ತದಲ್ಲಿಯೂ ಕಬ್ಬಿಣ ಇದೆ. ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್ನಿನಲ್ಲಿರುವ ಆ ಕಬ್ಬಿಣದ ಪರಮಾಣುವೇ ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು ಮೈಗೆಲ್ಲ ಒಯ್ಯುವುದು. ಕಾರ್ಬನ್ ಮಾನಾಕ್ಸೈಡ್ ಆ ಸ್ಥಾನಕ್ಕೆ ಬಂದು ಕುಳಿತುಬಿಡುತ್ತದೆ. ಇಲ್ಲಿ ನಡೆಯುವ ಕ್ರಿಯೆ ಕುಲುಮೆಯದಲ್ಲ. ಇದು ಸೀಟು ಹಿಡಿಯುವ ಕೆಲಸ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದು ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಬಸ್ಸು ಓಡುತ್ತಿದೆ, ಆದರೆ ಸೀಟೆಲ್ಲ ಬೇರೆಯವರ ಪಾಲು. ಗಾಳಿಯ ಸಾವಿರ ಪಾಲಿನಲ್ಲಿ ಮೂರು ಪಾಲಿನಷ್ಟು ಈ ಅನಿಲ ಇದ್ದರೆ ಐದು ಹತ್ತು ನಿಮಿಷಗಳಲ್ಲೇ ತಲೆನೋವು, ತಲೆಸುತ್ತು, ಓಕರಿಕೆ ಶುರುವಾಗುತ್ತವೆ. ಅರ್ಧ ಗಂಟೆಯಲ್ಲಿ ಪ್ರಾಣಕ್ಕೇ ಸಂಚಕಾರ. ಅದಕ್ಕೂ ಮೊದಲೇ ಕೈಕಾಲಿನ ಶಕ್ತಿ ಉಡುಗುವುದರಿಂದ ಬಾಗಿಲ ಚಿಲಕ ತೆಗೆಯಲೂ ಆಗದೆ ಹೋಗಬಹುದು.

ಬ್ರಿಟನ್ನಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 19ನೆಯ ಶತಮಾನದ ಕೊನೆಯಲ್ಲಿ ಈ ಅನಿಲವನ್ನು ತಾನೇ ಉಸಿರಾಡಿ ಅದರ ಪರಿಣಾಮವನ್ನು ದಾಖಲಿಸಿದರು. ಗಣಿಯೊಳಗೆ ಕ್ಯಾನರಿ ಹಕ್ಕಿಯನ್ನು ಒಯ್ಯುವ ಸಲಹೆ ಅವರದೇ. ಮನುಷ್ಯನಿಗಿಂತ ಮೊದಲು ಹಕ್ಕಿ ಕುಸಿಯುತ್ತಿತ್ತು, ಗಣಿಕಾರ್ಮಿಕರು ಹೊರಗೆ ಓಡುತ್ತಿದ್ದರು. ನಮ್ಮ ಬಚ್ಚಲಲ್ಲಿ ಅಂಥ ಹಕ್ಕಿ ಇಲ್ಲ.

ಮಕ್ಕಳೇ, ಒಂದು ಲೆಕ್ಕ ಮಾಡೋಣ

ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರನ್ನು ತೆಗೆದುಕೊಳ್ಳಿ. ನೀರಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಏರಬೇಕಾದರೆ 6 × 25 = 150 ಕಿಲೋಕ್ಯಾಲೊರಿ ಶಾಖ ಬೇಕು. ಉರಿಯ ಶಾಖವೆಲ್ಲ ನೀರಿಗೆ ಹೋಗುವುದಿಲ್ಲ. ನೂರಕ್ಕೆ 80 ಪಾಲು ಹೋಗುತ್ತದೆ ಎಂದಿಟ್ಟುಕೊಂಡರೆ ಸುಮಾರು 187 ಕಿಲೋಕ್ಯಾಲೊರಿ ಬೇಕಾಗುತ್ತದೆ. ಅಡುಗೆ ಅನಿಲದ ಒಂದು ಗ್ರಾಮಿನಿಂದ ಸಿಗುವುದು ಸುಮಾರು 11 ಕಿಲೋಕ್ಯಾಲೊರಿ. ಅಂದರೆ ನಿಮಿಷಕ್ಕೆ 17 ಗ್ರಾಂ ಅನಿಲ ಉರಿಯಬೇಕು. ಗಂಟೆಗೆ ಸುಮಾರು ಒಂದು ಕಿಲೋ.

ಈಗ ಗಾಳಿಯ ಲೆಕ್ಕ. ಒಂದು ಗ್ರಾಂ ಅನಿಲ ಪೂರ್ತಿಯಾಗಿ ಉರಿಯಲು ಸುಮಾರು 13 ಲೀಟರ್ ಗಾಳಿ ಬೇಕು. 17 ಗ್ರಾಮಿಗೆ ಸುಮಾರು 220 ಲೀಟರ್. ಹತ್ತು ನಿಮಿಷದ ಸ್ನಾನಕ್ಕೆ 2,200 ಲೀಟರ್. ನಮ್ಮ ಸಾಧಾರಣ ಬಚ್ಚಲು 6 ಅಡಿ ಉದ್ದ, 5 ಅಡಿ ಅಗಲ, 8 ಅಡಿ ಎತ್ತರ ಎನ್ನಿ: 240 ಘನ ಅಡಿ, ಅಂದರೆ ಸುಮಾರು 6,800 ಲೀಟರ್ ಗಾಳಿ. ಒಬ್ಬರು ಹತ್ತು ನಿಮಿಷ ಸ್ನಾನ ಮಾಡುವಷ್ಟರಲ್ಲಿ ಕೋಣೆಯ ಗಾಳಿಯ ಮೂರನೆಯ ಒಂದು ಪಾಲಿನ ಆಮ್ಲಜನಕ ಮುಗಿದಿರುತ್ತದೆ. ಹೊಸ ಗಾಳಿ ಬರದಿದ್ದರೆ ನೂರಕ್ಕೆ 21ರಷ್ಟಿದ್ದ ಆಮ್ಲಜನಕ 15ಕ್ಕಿಂತ ಕೆಳಗೆ ಹೋಗಬೇಕು. ಅಷ್ಟು ಇಳಿಯುವ ಮೊದಲೇ ಉರಿ ಕೆಡುತ್ತದೆ, ವಿಷದ ಅನಿಲ ಹುಟ್ಟತೊಡಗುತ್ತದೆ. ಮನೆಯ ನಾಲ್ವರು ಒಬ್ಬರಾದ ಮೇಲೊಬ್ಬರಂತೆ ಸ್ನಾನಕ್ಕೆ ಹೋದರೆ? 8,800 ಲೀಟರ್ ಗಾಳಿ ಬೇಕು. ಕೋಣೆಯಲ್ಲಿ ಅಷ್ಟು ಇಲ್ಲವೇ ಇಲ್ಲ. ಶಾಲೆಗೆ ತಡವಾಯಿತೆಂದು ಕೊನೆಗೆ ಸ್ನಾನಕ್ಕೆ ನುಗ್ಗುವ ಹುಡುಗನ ಪಾಲಿಗೆ ಉಳಿಯುವುದು ಎಲ್ಲಕ್ಕಿಂತ ಕೆಟ್ಟ ಗಾಳಿ.

ನಿಮ್ಮ ಮನೆಯ ಬಚ್ಚಲನ್ನು ಟೇಪಿನಿಂದ ಅಳೆದು ಇದೇ ಲೆಕ್ಕವನ್ನು ಮಾಡಿ, ಉತ್ತರವನ್ನು ಅಪ್ಪ ಅಮ್ಮನಿಗೆ ತೋರಿಸಿ. ಈ ಲೆಕ್ಕ ಹೇಳುವುದು ಇಷ್ಟೇ: ಗೀಸರಿನ ಪರೀಕ್ಷೆ ಅದರ ಒಳಗಿನಿಂದಲ್ಲ, ಅದು ನೇತಾಡುವ ಜಾಗದಿಂದ ಶುರುವಾಗಬೇಕು. ಗ್ಯಾಸ್ ಗೀಸರಿಗೂ ಸಿಲಿಂಡರಿಗೂ ಸರಿಯಾದ ಜಾಗ ಬಚ್ಚಲ ಹೊರಗೆ, ಗಾಳಿಯಾಡುವ ಕಡೆ. ಒಳಗೆ ಬರಬೇಕಾದದ್ದು ಬಿಸಿನೀರಿನ ಕೊಳವೆ ಮಾತ್ರ. ಹೊರಗೆ ಹಾಕಿದರೂ ಅದು ಬಚ್ಚಲ ಕಿಟಕಿಯ ಕೆಳಗೇ ಇರಬಾರದು. ಒಳಗಿನ ಎಕ್ಸಾಸ್ಟ್ ಫ್ಯಾನ್ ತಿರುಗುವಾಗ ಕಿಟಕಿಯ ಸಂದಿನಿಂದ ಹೊರಗಿನ ಉರಿಯ ಗಾಳಿಯನ್ನೇ ಒಳಕ್ಕೆ ಎಳೆದುಕೊಳ್ಳಬಹುದು. ಒಳಗಿರುವ ಗೀಸರನ್ನು ಹೊರಗೆ ಸಾಗಿಸಲು ಬೇಕಾಗುವುದು ಕೆಲವು ಅಡಿ ಕೊಳವೆ ಮತ್ತು ಪ್ಲಂಬರನ ಅರ್ಧ ದಿನ. ಬಾಡಿಗೆ ಮನೆಯವರು ಇದನ್ನು ಮಾಲೀಕರಿಗೆ ಸಂಕೋಚವಿಲ್ಲದೆ ಹೇಳಬೇಕು. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಬಕೆಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಕೋಣೆಯ ಗಾಳಿ ಬದಲಾದ ಮೇಲೆ ಸ್ನಾನಕ್ಕೆ ಹೋಗುವುದೇ ಕ್ಷೇಮ.

ಉರಿಯ ಬಣ್ಣ ಓದಿ

ಜಾಗ ಸರಿಯಾದ ಮೇಲೆ ಶುಚಿತ್ವದ ಮಾತು. ಪ್ರಯೋಗಶಾಲೆಯ ಬನ್ಸನ್ ದೀಪವನ್ನು ನೋಡಿದ ಮಕ್ಕಳಿಗೆ ಗೊತ್ತು: ಅದರ ಬುಡದ ಗಾಳಿರಂಧ್ರ ಮುಚ್ಚಿದರೆ ಜ್ವಾಲೆ ಹಳದಿ, ತೆರೆದರೆ ನೀಲಿ. ಹಳದಿ ಬಣ್ಣ ಉರಿಯದೆ ಉಳಿದ ಇಂಗಾಲದ ಕಣಗಳು ಕಾದು ಹೊಳೆಯುವುದರಿಂದ ಬರುತ್ತದೆ. ಮೇಣದ ಬತ್ತಿಯ ಹಳದಿ ಜ್ವಾಲೆಗೆ ಉಕ್ಕಿನ ಚಮಚ ಹಿಡಿದರೆ ಮಸಿ ಕೂರುವುದೂ ಅದಕ್ಕೇ. ಇದನ್ನು ದೊಡ್ಡವರ ಎದುರಿನಲ್ಲಿ ಮನೆಯಲ್ಲೇ ಮಾಡಿ ನೋಡಬಹುದು.

ಗೀಸರಿನ ಬರ್ನರಿನಲ್ಲೂ ಅನಿಲ ಸೂಕ್ಷ್ಮ ರಂಧ್ರದಿಂದ ಚಿಮ್ಮುವಾಗ ಪಕ್ಕದ ಗಾಳಿಯನ್ನು ತನ್ನೊಡನೆ ಎಳೆದುಕೊಳ್ಳುತ್ತದೆ. ಆ ಗಾಳಿದಾರಿಯಲ್ಲಿ ಧೂಳು ಕೂರುತ್ತದೆ, ಜೇಡ ಬಲೆ ನೇಯುತ್ತದೆ. ಬಾಗಿಲಿನ ಬೀಗದ ಕಿಂಡಿಯನ್ನೂ ಬಿಡದೆ ಮಣ್ಣು ಮೆತ್ತುವ ಕಣಜದ ಹುಳವನ್ನು ಮಲೆನಾಡಿನವರು ಬಲ್ಲರು. ಹೊರಗೆ ತೂಗುಹಾಕಿದ ಗೀಸರಿನ ಸಂದುಗಳೂ ಅದಕ್ಕೆ ಪ್ರಿಯ. ದಾರಿ ಕಟ್ಟಿದರೆ ಗಾಳಿ ಕಡಿಮೆ, ಉರಿ ಹಳದಿ. ಹಳದಿ ಉರಿಯ ಮಸಿ ಮೇಲಿನ ತಾಮ್ರದ ರೆಕ್ಕೆಗಳ ನಡುವೆ ಕೂತು ಹೊಗೆ ಹೋಗುವ ದಾರಿಯನ್ನೂ ಕಟ್ಟುತ್ತದೆ. ಆಗ ಉರಿ ಇನ್ನಷ್ಟು ಹಳದಿ. ಕೊಳೆ ಕೊಳೆಯನ್ನೇ ಬೆಳೆಸುವ ಈ ಚಕ್ರವನ್ನು ಕಡಿಯುವುದೇ ವಾರ್ಷಿಕ ಶುಚಿಯ ಉದ್ದೇಶ.

ಮನೆಯವರು ಮಾಡಬಹುದಾದದ್ದು

ತಿಂಗಳಿಗೊಮ್ಮೆ, ಬೆಳಕು ಮಂದವಾಗಿರುವಾಗ ಗೀಸರ್ ಹೊತ್ತಿಸಿ ಅದರ ಮುಂಭಾಗದ ಕಿಂಡಿಯಿಂದ ಉರಿಯನ್ನು ನೋಡಿ. ಸ್ಥಿರವಾದ ನೀಲಿ ಉರಿ ಇರಬೇಕು. ಹಳದಿ ತುದಿ, ನಡುಗುವ ಉರಿ, ಹೊರಕವಚದ ಮೇಲ್ಭಾಗದಲ್ಲೋ ಗೋಡೆಯಲ್ಲೋ ಮಸಿಯ ಗುರುತು, ಕಣ್ಣು ಮೂಗು ಉರಿಸುವ ವಾಸನೆ: ಇವುಗಳಲ್ಲಿ ಒಂದು ಕಂಡರೂ ಬಳಕೆ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಯಿರಿ. ಕಿಡಿ ಹಾರಿ ತುಸು ಹೊತ್ತಾದ ಮೇಲೆ ಢಬ್ ಎಂದು ಹೊತ್ತಿಕೊಂಡರೆ, ಅಷ್ಟು ಹೊತ್ತು ಅನಿಲ ಒಳಗೆ ತುಂಬುತ್ತಿತ್ತು ಎಂದರ್ಥ. ಮೊದಲು ಬ್ಯಾಟರಿ ಬದಲಿಸಿ ನೋಡಿ. ಎರಡು ಸೆಲ್‌ಗಳನ್ನೂ ಒಟ್ಟಿಗೆ ಬದಲಿಸಬೇಕು; ಒಂದು ಹಳೆಯದು, ಒಂದು ಹೊಸದು ಬೇಡ. ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಒಣ ಬಟ್ಟೆಯಿಂದ ಒರೆಸಿ ಕೈ ತೊಳೆದುಕೊಳ್ಳಿ. ಹೊಸ ಸೆಲ್ ಹಾಕಿದ ಮೇಲೂ ಢಬ್ ಎಂದರೆ ಅದು ಮೆಕ್ಯಾನಿಕ್‌ನ ಕೆಲಸ.

ಶುಚಿಗೆ ಕೈಹಾಕುವ ಮುನ್ನ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ನೀರಿನ ವಾಲ್ವ್ ಮುಚ್ಚಿ, ಸೆಲ್ ಹೊರತೆಗೆಯಿರಿ. ಯಂತ್ರ ಪೂರ್ತಿ ತಣಿಯಲಿ. ಹೊರಕವಚವನ್ನೂ ಅದರ ಮೇಲಿನ ಕೆಳಗಿನ ಗಾಳಿಸಂದುಗಳನ್ನೂ ಒಣ ಕುಂಚದಿಂದ ಒರೆಸಿ. ಒಳಕ್ಕೆ ನೀರು ಚಿಮುಕಿಸಬೇಡಿ. ನೀರು ಒಳಹೋಗುವ ಕೊಳವೆಯ ತುದಿಯಲ್ಲಿ ಪುಟ್ಟ ಜಾಲರಿ ಇರುತ್ತದೆ. ನಟ್ ಬಿಚ್ಚಿ ಜಾಲರಿ ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ವಾಷರ್ ಸರಿಯಾಗಿ ಕೂರಿಸಿ ಮತ್ತೆ ಬಿಗಿಮಾಡಿ. ಟ್ಯಾಂಕಿನ ಕೆಸರು ಇಲ್ಲಿ ಕಟ್ಟಿಕೊಂಡರೆ ನೀರಿನ ಹರಿವು ಕಡಿಮೆಯಾಗಿ ಗೀಸರ್ ಹೊತ್ತುವುದೇ ಇಲ್ಲ, ಇಲ್ಲವೇ ಬರುವ ನೀರು ಸುಡುವಷ್ಟು ಕಾಯುತ್ತದೆ.

ರಬ್ಬರ್ ಕೊಳವೆಯನ್ನು ಬಗ್ಗಿಸಿ ಬಿರುಕು ನೋಡಿ. ‘ಸುರಕ್ಷಾ’ ಕೊಳವೆಯನ್ನಾದರೂ ಐದು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಇನ್ನು ಸೋರಿಕೆಯ ಪರೀಕ್ಷೆ. ಸುತ್ತಲಿನ ಎಲ್ಲ ಉರಿಯನ್ನೂ ಆರಿಸಿ, ರೆಗ್ಯುಲೇಟರ್ ತೆರೆದು, ಕೊಳವೆಯ ಕೂಡುಗಳಿಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಉಬ್ಬಿದರೆ ಸೋರಿಕೆ ಇದೆ. ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಯಾರಿಗಾದರೂ ಇದ್ದರೆ ಇಂದೇ ಬಿಡಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಹರಡುತ್ತದೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ಬಾಗಿಲು ತೆರೆದು, ರೆಗ್ಯುಲೇಟರ್ ಮುಚ್ಚಿ, ಹೊರಗೆ ಬಂದು 1906 ಸಂಖ್ಯೆಗೆ ಫೋನ್ ಮಾಡಿ.

ಮೆಕ್ಯಾನಿಕ್‌ಗೆ ಬಿಡಬೇಕಾದದ್ದು

ಬರ್ನರ್ ಕಳಚುವುದು, ಅನಿಲ ಚಿಮ್ಮುವ ರಂಧ್ರ ತೆರವು ಮಾಡುವುದು, ತಾಮ್ರದ ರೆಕ್ಕೆಗಳ ಮಸಿ ಮತ್ತು ಕಿಲುಬು ತೆಗೆಯುವುದು, ಅನಿಲದ ವಾಲ್ವ್ ಪರೀಕ್ಷೆ: ಇವು ತರಬೇತಿ ಪಡೆದವರ ಕೆಲಸ. ರಂಧ್ರ ಕಟ್ಟಿದೆಯೆಂದು ಪಿನ್ನು ಹಾಕಿ ಕೆದಕುವವರಿದ್ದಾರೆ. ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಹೆಚ್ಚು ಅನಿಲ ಬಂದು, ಗಾಳಿ ಸಾಲದೆ ಉರಿ ಕಾಯಂ ಹಳದಿಯಾಗುತ್ತದೆ. ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ತಾಮ್ರದ ಸುರುಳಿಯೊಳಗೆ ಸುಣ್ಣದ ಪದರ ಕಟ್ಟುತ್ತದೆ. ಷವರಿನ ತೂತುಗಳಲ್ಲಿ ಬಿಳಿ ಹುಡಿ ಕಂಡರೆ ಸುರುಳಿಯೊಳಗೂ ಅದೇ ಇದೆ ಎನ್ನಿ. ಅದನ್ನು ತೆಗೆಯಲು ಸೌಮ್ಯ ಆಮ್ಲ ಬೇಕು. ಬಚ್ಚಲು ತೊಳೆಯುವ ಆಸಿಡ್ ತಾಮ್ರವನ್ನೇ ತಿನ್ನುತ್ತದೆ. ಮೆಕ್ಯಾನಿಕ್ ಕೆಲಸ ಮುಗಿಸಿದ ಮೇಲೆ ಅವನ ಎದುರಿಗೇ ಗೀಸರ್ ಹೊತ್ತಿಸಿ ಉರಿಯ ಬಣ್ಣ ನೋಡಿಯೇ ಹಣ ಕೊಡಿ.

ಕೆಲವು ಗೀಸರುಗಳು ಇಪ್ಪತ್ತು ನಿಮಿಷಕ್ಕೆ ತಾವೇ ಆರುತ್ತವೆ. ಆಮ್ಲಜನಕ ಕಡಿಮೆಯಾದರೆ ಆರುವ ಸಾಧನ ಉಳ್ಳವೂ ಇವೆ. ಇರಲಿ, ಒಳ್ಳೆಯದೇ. ಆದರೆ ಅವು ಕಿಟಕಿಗೆ ಬದಲಿಯಲ್ಲ.

ತಲೆ ಸುತ್ತಿದರೆ

ಸ್ನಾನದ ಮನೆಯಲ್ಲಿ ತಲೆ ಭಾರವಾದರೆ, ಓಕರಿಕೆ ಬಂದರೆ, ಕಾಲು ಕುಸಿದಂತಾದರೆ ‘ಪಿತ್ತ’ವೆಂದು ಕೂರಬೇಡಿ. ಮೈ ಒದ್ದೆಯಿದ್ದರೂ ಸರಿ, ಟವೆಲ್ ಸುತ್ತಿಕೊಂಡು ಹೊರಗೆ ಬನ್ನಿ. ಮಕ್ಕಳು ಸ್ನಾನಕ್ಕೆ ಹೋದಾಗ ಹೊರಗಿನಿಂದ ಆಗಾಗ ಮಾತನಾಡಿಸಿ; ಉತ್ತರ ಬರದಿದ್ದರೆ ಬಾಗಿಲು ಒಡೆಯಲು ಹಿಂಜರಿಯಬೇಡಿ. ಬಿದ್ದವರನ್ನು ಮೊದಲು ಹೊರಗಿನ ಗಾಳಿಗೆ ಎಳೆದು ತನ್ನಿ. ಒಳಗೇ ಕೂತು ಆರೈಕೆ ಮಾಡಲು ಹೋದರೆ ನೀವೂ ಬೀಳುತ್ತೀರಿ. ತಕ್ಷಣ 108ಕ್ಕೆ ಫೋನ್ ಮಾಡಿ, ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಸಾಧಾರಣ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯ ಶುದ್ಧ ಆಮ್ಲಜನಕದಲ್ಲಿ ಸುಮಾರು ಒಂದೂವರೆ ಗಂಟೆ ಸಾಕು. ಎಚ್ಚರವಾಯಿತೆಂದು ಮನೆಯಲ್ಲೇ ಮಲಗಿಸಬಾರದು.

ಹಬ್ಬವೊಂದು ಇದ್ದೇ ಇದೆ

ವರ್ಷಕ್ಕೊಮ್ಮೆ ನೀರು ಕಾಯಿಸುವ ಸಾಧನವನ್ನು ಪರೀಕ್ಷಿಸಿ ತೊಳೆಯುವ ಪದ್ಧತಿ ನಮಗೆ ಹೊಸದಲ್ಲ. ನರಕ ಚತುರ್ದಶಿಯ ಹಿಂದಿನ ಸಂಜೆಯ ‘ನೀರು ತುಂಬುವ ಹಬ್ಬ’ ಮತ್ತೇನು? ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದರು, ಒಲೆಯ ಬೂದಿ ತೆಗೆಯುತ್ತಿದ್ದರು, ಬಚ್ಚಲು ತೊಳೆದು, ಹಂಡೆಗೆ ಸುಣ್ಣ ಕೆಮ್ಮಣ್ಣು ಬಳಿದು ಹೊಸ ನೀರು ತುಂಬುತ್ತಿದ್ದರು. ಗೀಸರಿನ ವಾರ್ಷಿಕ ಸರ್ವೀಸನ್ನು ಆ ಹಬ್ಬದ ವಾರಕ್ಕೇ ಗೊತ್ತುಮಾಡಿಕೊಂಡರೆ ಮರೆಯುವ ಮಾತಿಲ್ಲ. ಮಳೆಗಾಲಕ್ಕೆ ಮುನ್ನ, ಮೇ ಕೊನೆಯಲ್ಲಿ, ಗವಾಕ್ಷಿಗೆ ಇಟ್ಟ ರಟ್ಟು, ಪ್ಲಾಸ್ಟಿಕ್ ಹಾಳೆಗಳನ್ನು ತೆಗೆದುಹಾಕುವ ಕೆಲಸ ಇನ್ನೊಂದು. ಇರಚಲು ತಡೆಯಬೇಕಿದ್ದರೆ ಹೊರಗಡೆ ಸಣ್ಣ ಮಾಡು ಇಳಿಸಿ, ಕಿಂಡಿ ಮುಚ್ಚಬೇಡಿ.

ಮನೆಯ ಹೈಸ್ಕೂಲು ವಿದ್ಯಾರ್ಥಿಗೆ ಒಂದು ಪುಟದ ಜವಾಬ್ದಾರಿ ಕೊಡಿ: ಉರಿಯ ಬಣ್ಣ ನೋಡಿದ ದಿನ, ಸೆಲ್ ಬದಲಿಸಿದ ದಿನ, ಕೊಳವೆ ಕೊಂಡ ವರ್ಷ, ಸರ್ವೀಸ್ ಆದ ದಿನ. ಮುಂದೆ ಆ ಹುಡುಗ ಅಥವಾ ಹುಡುಗಿ ಓದಲೆಂದು ಬೆಂಗಳೂರಿಗೋ ಮೈಸೂರಿಗೋ ಹೋಗಿ ಪಿ.ಜಿ.ಯಲ್ಲಿ ರೂಮು ಹಿಡಿಯುವ ದಿನ ಬರುತ್ತದೆ. ಆಗ ಊಟ ಹೇಗೆ, ಬಾಡಿಗೆ ಎಷ್ಟು ಎಂದು ವಿಚಾರಿಸುವಾಗಲೇ ಸ್ನಾನದ ಮನೆಯ ಬಾಗಿಲು ತೆರೆದು ‘ಗೀಸರ್ ಎಲ್ಲಿದೆ? ಗಾಳಿ ಎಲ್ಲಿಂದ ಬರುತ್ತದೆ?’ ಎಂದು ಕೇಳಬೇಕು. ಅದು ತಂದೆತಾಯಿ ಮರೆತರೂ ಮಕ್ಕಳು ತಾವೇ ಕೇಳುವಂತಾಗಬೇಕು.